ಬದನೆ ಹೂವಿನ ಬಣ್ಣದ ಸಾರುವೆ

"ಬೇರೆ ಯಾರ ಹತ್ರನೂ ಇರಬಾರ್ದು. ಅಂಥದ್ದು ಬೇಕು."

ಬಣ್ಣದ ಅಂಗಡಿಯ ಕೌಂಟರಿನ ಮೇಲೆ ಎರಡೂ ಕೈ ಊರಿ ಅವನು ಹೀಗಂದಾಗ, ಒಳಗೆ ಡಬ್ಬಿ ಕಲಕುತ್ತಿದ್ದವಳು ತಲೆಯೆತ್ತಿದಳು. ಸಾಕಷ್ಟು ಮೇಲಕ್ಕೇ ಎತ್ತಬೇಕಾಯಿತು. ಅಷ್ಟುದ್ದದ ಮನುಷ್ಯ. ಕಣ್ಣು ನೆಟ್ಟಗೆ ಅವಳ ಮುಖದ ಮೇಲೇ ಇತ್ತು.

"ಏನು ಬೇಕು ಅಂತ ಸರಿಯಾಗಿ ಹೇಳಿ. ಇಲ್ಲಿ ಮಾರೋದು ಬಣ್ಣ ಮಾತ್ರ," ಎಂದಳು ಬಿಗಿಯಾಗಿ.

"ನಾನೂ ಬಣ್ಣಾನೇ ಕೇಳಿದ್ದು." ಅಷ್ಟರಲ್ಲಿ ಅವನ ಕಿವಿ ಕೆಂಪೇರಿತ್ತು. "ನಿಮ್ಮನ್ನಲ್ಲ. ಅಂದ್ರೆ... ಪೈಪಿಗೆ."

ನಗು ತಡೆಯಲು ಅವಳು ಡಬ್ಬಿಯೊಳಗೆ ಮುಖ ಹಾಕಿದಳು. ಅವನು ಸಾರುವೆ ಕಟ್ಟುವವನು. ಎತ್ತರದ ಕಟ್ಟಡಗಳ ಸುತ್ತ ಕಬ್ಬಿಣದ ಪೈಪು ಜೋಡಿಸಿ, ಗಾರೆಯವರಿಗೂ ಬಣ್ಣದವರಿಗೂ ನಿಲ್ಲಲು ಜಾಗ ಮಾಡಿಕೊಡುವ ಕೆಲಸ. ಒಂದೇ ಕಟ್ಟಡಕ್ಕೆ ಇಬ್ಬರು ಮೂವರ ಪೈಪು ಬಂದು ಬೆರೆತುಬಿಡುವುದುಂಟು. ಬಿಚ್ಚುವಾಗ ಯಾರದ್ದು ಯಾವುದು ಎಂದು ತಿಳಿಯಲಿ ಅಂತ, ಪ್ರತಿಯೊಬ್ಬ ಮಾಲೀಕನೂ ತನ್ನ ಪೈಪಿನ ತುದಿಗೆ, ಪೈಪು ಬಿಗಿಯುವ ಕ್ಲ್ಯಾಂಪಿಗೆ ತನ್ನದೇ ಬಣ್ಣ ಬಳಿದಿಟ್ಟಿರುತ್ತಾನೆ.

"ಕೆಂಪು ಆ ದೊಡ್ಡ ಕಂಟ್ರಾಕ್ಟರ್‌ದು. ನೀಲಿ, ಹಳದಿ, ಹಸಿರು ಎಲ್ಲಾ ಹಂಚಿ ಹೋಗಿದೆ," ಎಂದು ಅವನು ದೂರು ಹೇಳುವವನಂತೆ ಹೇಳಿದ.

"ನಿಮ್ಮದು ಎಷ್ಟು ಪೈಪಿದೆ?"

"ಇನ್ನೂ ಒಂದೂ ಇಲ್ಲ."

"ಪೈಪೇ ಇಲ್ಲ, ಬಣ್ಣ ಬೇಕು!"

"ಎಲ್ಲಿಂದಾದ್ರೂ ಶುರು ಮಾಡ್ಬೇಕಲ್ಲ, ಡಬ್ಬಿ ಮೇಡಂ."

ಆ ಹೆಸರು ಅಂದೇ ಅಂಟಿಕೊಂಡಿತು. ಅವನಿಗಂತೂ ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುವ ಹೆಸರು ಒಂದಿತ್ತು, ಏಣಿ.

ಅವಳು ಯಂತ್ರವನ್ನು ಮುಟ್ಟದೆ ಕೈಯಳತೆಯಲ್ಲೇ ಬೆರೆಸಿದಳು. ಬಿಳಿಗೆ ನೇರಳೆ, ಅದಕ್ಕೊಂದು ತೊಟ್ಟು ಬೂದು. ಯಾವ ಶೇಡ್ ಕಾರ್ಡಿನಲ್ಲೂ ಇಲ್ಲದ, ಬದನೆ ಹೂವಿನ ಬಣ್ಣ. ಬೆರಳಿಗೆ ಹಚ್ಚಿ ತೋರಿಸಿದಳು. ಅವನು ಬಣ್ಣ ನೋಡಿದನೋ, ಬೆರಳು ನೋಡಿದನೋ, ಬಹಳ ಹೊತ್ತು ನೋಡಿದ.

ಮರುದಿನ ಬ್ರಷ್ ಕೊಳ್ಳಲು ಬಂದ. ಅದರ ಮರುದಿನ ಬ್ರಷ್ ಬದಲಾಯಿಸಲು. ಆಮೇಲೆ ನೆಪ ಹುಡುಕುವುದನ್ನು ಬಿಟ್ಟ.

ಬ್ಯಾಂಕಿನವರು ಅವನ ಮಾತೆಲ್ಲ ಕೇಳಿ, ಕೊನೆಗೆ ಕೇಳಿದ್ದು ಒಂದೇ. ಅಡವಿಡಲು ಏನಿದೆ? ಅವನಿಗಿದ್ದದ್ದು ಎರಡು ಕೈ, ಎತ್ತರಕ್ಕೆ ಹೆದರದ ಎರಡು ಕಾಲು. ಅವಳಿಗೆ ಅಪ್ಪ ಬಿಟ್ಟುಹೋದ ಮರಗೆಲಸದ ಶೆಡ್ಡು ಇತ್ತು. ಬಾಗಿಲು ತೆರೆದರೆ ಈಗಲೂ ಹೊಟ್ಟಿನ ವಾಸನೆ. ಅಪ್ಪನ ಪೆನ್ಸಿಲಿನ ಗೆರೆಗಳು ಗೋಡೆಯ ಮೇಲೆ ಹಾಗೇ ಇದ್ದವು.

"ಅದೊಂದು ನಿನ್ನ ಹೆಸರಲ್ಲಿರೋದು ಕಣೇ," ಎಂದಳು ಅವಳನ್ನು ಸಾಕಿದ ಸೋದರತ್ತೆ. "ಮದುವೆಗೆ ಮುಂಚೆ ಸಾಲಕ್ಕೆ ಜೋಡಿಯಾಗೋರನ್ನ ಇವತ್ತೇ ನೋಡ್ತಿರೋದು."

"ಮದುವೆನೂ ಆಗ್ತೀವಿ ಅತ್ತೆ. ಮೊದಲ ವರ್ಷ ಕಳೀಲಿ."

"ಅವನು ಹೇಳಿದ್ನಾ?"

"ಹೇಳ್ದ."

"ನೆಲದ ಮೇಲೆ ನಿಂತು ಹೇಳಿದ್ನಾ, ಮೇಲಿಂದ ಹೇಳಿದ್ನಾ?"

ಅವಳು ನಕ್ಕಳು. ಸಹಿ ಹಾಕಿದಳು. ಅವನ ಸಹಿಯ ಪಕ್ಕದಲ್ಲೇ, ತಾಗುವಂತೆ.

ಪೈಪು ಬಂದ ದಿನ ಇಬ್ಬರೂ ಶೆಡ್ಡಿನಲ್ಲಿ ಕೂತು ತುದಿಗಳಿಗೆ ಬಣ್ಣ ಬಳಿದರು. ಅವನ ಮೂಗಿನ ಮೇಲೆ ಬಣ್ಣ ಆಗಿತ್ತು. ಅವಳು ಹೇಳಲಿಲ್ಲ, ನೋಡಿ ನೋಡಿ ನಗುತ್ತಿದ್ದಳು.

"ಯಾಕೆ ಹಂಗ್ ನೋಡ್ತೀಯ?"

"ನೀನೂ ನನ್ನ ಸೊತ್ತು ಅಂತ ಗುರುತು ಬಿದ್ದಿದೆ, ಅದಕ್ಕೆ."

ಅವನು ಮೂಗು ಒರೆಸಿಕೊಳ್ಳಲಿಲ್ಲ. ಹಾಗೇ ಬೀದಿಯಲ್ಲಿ ನಡೆದು ಮನೆಗೆ ಹೋದ.

ಮೊದಲಿಗೆ ಸಣ್ಣಪುಟ್ಟ ಕೆಲಸ. ಆಮೇಲೆ ನದಿಯಾಚೆ ಹೊಸ ಆಸ್ಪತ್ರೆಯ ಕಟ್ಟಡ ಸಿಕ್ಕಿತು. ಅರ್ಧಕ್ಕರ್ಧ ಪೈಪು ಅಲ್ಲಿಗೇ ಹೋಯಿತು. ಮಳೆ ಬಂದು ನಿಂತ ಒಂದು ಸಂಜೆ ಅವನು ಅವಳನ್ನು ಸೇತುವೆಯ ಮೇಲೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಆಚೆ ದಡದಲ್ಲಿ ಆರಂತಸ್ತಿನ ಕಟ್ಟಡ, ಅದರ ಮೈತುಂಬ ತೆಳ್ಳಗೆ ಹೆಣೆದ ಸಾರುವೆ. ಇಳಿಬಿಸಿಲಿಗೆ ಪೈಪಿನ ತುದಿಗಳು ಹೂ ಬಿಟ್ಟಂತೆ ಕಾಣುತ್ತಿದ್ದವು.

"ಎಲ್ಲಾ ನಮ್ಮದೇನಾ?"

"ಮತ್ತೆ?"

"ನಮ್ಮದು ಅಂತ ಬಾಯಿಬಿಟ್ಟು ಹೇಳು."

ಅವನು ನೀರನ್ನು ನೋಡುತ್ತ, "ನಮ್ಮದು," ಎಂದ. ಅವನಿಗೆ ನಾಚಿಕೆಯಾಯಿತೆಂದುಕೊಂಡು ಅವಳು ಅವನ ತೋಳಿಗೆ ಕೆನ್ನೆಯಾನಿಸಿದಳು. ಅಪ್ಪ ಇದ್ದಿದ್ದರೆ ಅವರನ್ನೂ ಕರೆತರಬಹುದಿತ್ತು ಅನಿಸಿ ಕಣ್ಣು ತುಂಬಿತು. ಅಷ್ಟು ಸುಖವಾಗಿ ಅವಳು ಎಂದೂ ನಿಂತಿರಲಿಲ್ಲ.

ಕೆಲವು ವಾರ ಕಳೆದ ಮೇಲೆ, ಕೆಂಪು ಬಣ್ಣದ ಆ ದೊಡ್ಡ ಕಂಟ್ರಾಕ್ಟರನ ಮೇಸ್ತ್ರಿ ಅಂಗಡಿಗೆ ಬಂದ. ಅವಳಿಗೆ ಹಳೆಯ ಗಿರಾಕಿ, ಹೊಟ್ಟೆಯಲ್ಲಿ ಮಾತು ನಿಲ್ಲದ ಮನುಷ್ಯ.

"ಏನಮ್ಮ, ನಿನ್ನ ಕೆಂಪು ಮೋಸ ಮಾಡ್ತಿದೆ. ಎರಡು ಸಲ ಬಳಿದ್ರೂ ಒಳಗಿನ ಬಣ್ಣ ಇಣುಕ್ತಾ ಇದೆ."

"ಒಳಗೆ ಏನಿದೆ?"

"ಯಾವುದೋ ಹಾಳು ಬಣ್ಣ. ನಮ್ಮ ಯಜಮಾನ್ರು ಯಾರದೋ ಮಾಲು ಕೊಂಡ್ಕೊಂಡ್ರು. ಆ ಆಸ್ಪತ್ರೆ ಕೆಲಸ ಇತ್ತಲ್ಲ, ನಿಂತಿರೋ ಸಾರುವೆ ಸಮೇತ. ಮಳೆ ಶುರುವಾಗೋಕೆ ಮುಂಚೇನೇ ಕೈ ಬದಲಾಯ್ತು. ಈಗ ಬಿಚ್ಚಿದೀವಿ, ಬಣ್ಣ ಬದಲಾಯಿಸ್ಬೇಕು." ಚೀಲದಿಂದ ಒಂದು ಕ್ಲ್ಯಾಂಪು ತೆಗೆದು ಕೌಂಟರಿನ ಮೇಲಿಟ್ಟ. "ನೋಡು, ನೀನೇ ನೋಡು."

ನೋಡಿದಳು. ಬಳಿದ ಕೆಂಪಿನ ಅಡಿಯಿಂದ ಬದನೆ ಹೂ ಇಣುಕುತ್ತಿತ್ತು.

ಮಳೆ ಶುರುವಾಗುವ ಮುಂಚೆ. ಸೇತುವೆಯ ಮೇಲೆ ನಿಂತ ಸಂಜೆ ಅವಳ ಕೈಯಲ್ಲಿ ಒದ್ದೆ ಕೊಡೆ ಇತ್ತು.

"ಏನಮ್ಮ, ಇದಕ್ಕೆ ಮದ್ದಿಲ್ವಾ?"

"ಇದೆ," ಎಂದಳು. ಅವಳ ದನಿ ಅವಳಿಗೇ ಪಕ್ಕದ ಅಂಗಡಿಯಿಂದ ಕೇಳಿದಂತಿತ್ತು. "ಮೊದಲು ಬೂದು ಪ್ರೈಮರ್ ಒಂದು ಕೋಟ್ ಕೊಡಿ. ಪೂರ್ತಿ ಒಣಗಲಿ. ಆಮೇಲೆ ಕೆಂಪು ಹಾಕಿದ್ರೆ ಒಳಗೇನಿತ್ತು ಅಂತ ಯಾರಿಗೂ ಗೊತ್ತಾಗಲ್ಲ."

ಪ್ರೈಮರನ್ನೂ ತಾನೇ ಅಳೆದುಕೊಟ್ಟಳು. ಮೇಸ್ತ್ರಿ ಸಂತೋಷವಾಗಿ ಹೋದ.

ಶೆಡ್ಡಿಗೆ ಹೋದಾಗ ಅವನು ಹಗ್ಗ ಸುತ್ತುತ್ತಿದ್ದ. ಅವಳನ್ನು ಕಂಡದ್ದೇ ಮುಖ ಅರಳಿತು. ಆ ಅರಳಿದ ಮುಖವನ್ನು ಅವಳು ಒಂದು ಗಳಿಗೆ ನೋಡಿದಳು, ಇನ್ನು ಮುಂದೆ ಸಿಗದ್ದನ್ನು ನೋಡುವವಳಂತೆ.

"ಆಸ್ಪತ್ರೆ ಪೈಪು ಯಾವಾಗ ವಾಪಸ್ ಬರುತ್ತೆ?"

"ಬರ್ತವೆ. ಇನ್ನೂ ಒಂದೆರಡು ವಾರ..."

"ಆ ಕಂಟ್ರಾಕ್ಟರ್ ಮೇಸ್ತ್ರಿಗೆ ಕೆಂಪು ಬಣ್ಣ ಈಗಷ್ಟೇ ಮಾರಿ ಬಂದೆ."

ಹಗ್ಗ ಅವನ ಕೈಯಿಂದ ಜಾರಿತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಅಲ್ಲೇ ಕುಕ್ಕರಿಸಿದ. ಆಮೇಲೆ ಎಲ್ಲ ಹೊರಬಂತು. ಮೊದಲು ಪೈಪು ತೆಗೆದುಕೊಂಡ ಬಿಲ್ಡರ್ ಬಾಡಿಗೆ ಕೊಡದೆ ತಲೆ ತಪ್ಪಿಸಿಕೊಂಡಿದ್ದ. ಬ್ಯಾಂಕಿನ ಕಂತು ನಿಂತರೆ ಶೆಡ್ಡಿಗೆ ನೋಟಿಸ್ ಬರುತ್ತಿತ್ತು. ಕಂಟ್ರಾಕ್ಟರ್ ಕೇಳಿದ, ಇವನು ಕೊಟ್ಟುಬಿಟ್ಟ.

"ನಿನ್ನ ಶೆಡ್ಡು ಉಳಿಸೋಕೇ ಮಾಡಿದ್ದು. ನನ್ನಾಣೆ."

"ಗೊತ್ತು. ದುಡ್ಡು ತಿಂದಿದ್ದೀಯ ಅಂತ ನಾನು ಹೇಳ್ಲಿಲ್ಲ."

"ಮತ್ತೆ?"

"ಕಷ್ಟ ಇದೆ ಅಂತ ಒಂದು ಮಾತು ಹೇಳಿದ್ರೆ ನಾನೇ ಬಂದು ಮಾರಿಸ್ತಿದ್ದೆ. ಆ ಬಿಲ್ಡರ್ ಮನೆ ಮುಂದೆ ಅತ್ತೆನ ಕರ್ಕೊಂಡ್ಹೋಗಿ ಕೂರಿಸ್ತಿದ್ದೆ. ಅತ್ತೆ ಬಾಯಿಗೆ ಅವನು ಬಾಡಿಗೆ ಜೊತೆ ಬಡ್ಡಿನೂ ಕೊಡ್ತಿದ್ದ." ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ. "ಮಾರಿ ಆದ್ಮೇಲೆ ನನ್ನ ಸೇತುವೆ ಮೇಲೆ ಯಾಕೆ ನಿಲ್ಲಿಸ್ದೆ?"

ಅವನು ನೆಲದ ಮೇಲಿನ ಹಗ್ಗವನ್ನು ಎಳೆದು ಮತ್ತೆ ಸುತ್ತತೊಡಗಿದ.

"ಹೇಳು."

"ಹೇಳೋಕೇ ಕರ್ಕೊಂಡ್ಹೋಗಿದ್ದೆ. ನೀನು ಅದನ್ನ ನೋಡಿ ನಕ್ಕೆ. ಆಮೇಲೆ ಬಾಯೇ ಬರ್ಲಿಲ್ಲ."

"ಬಂತಲ್ಲ. ನಮ್ಮದು ಅಂದ್ಯಲ್ಲ. ಎರಡು ಸಲ ಕೇಳ್ದೆ ನಾನು. ಬೇರೆಯವನ ಸೊತ್ತು ನೋಡ್ಕೊಂಡು ಖುಷಿಪಟ್ಟೆ. ನೀನು ಪಕ್ಕದಲ್ಲಿ ನಿಂತು ನೋಡ್ತಿದ್ದೆ."

ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಆರಂತಸ್ತಿನ ಮೇಲೆ ಶಿಳ್ಳೆ ಹಾಕುತ್ತ ನಡೆಯುವವನು ನೆಲದ ಮೇಲೆ ಕೂತು ನಡುಗುತ್ತಿದ್ದ. ಹತ್ತಿರ ಹೋಗಿ ಆ ತಲೆಯನ್ನು ಮುಟ್ಟಬೇಕೆಂದು ಅವಳ ಕೈ ಬೇಡುತ್ತಿತ್ತು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನಾನು ಹೋಗ್ಬಿಡ್ತೀನಿ. ಕಂಟ್ರಾಕ್ಟರ್ ಹತ್ರ ಕೂಲಿಗೆ ಸೇರಿ ಕಂತು ಕಟ್ತೀನಿ."

"ಎಲ್ಲಿಗೆ ಹೋಗ್ತೀಯ? ಉಳಿದ ಪೈಪು ಕಟ್ಟೋರು ಯಾರು, ಅತ್ತೆನಾ? ಸಾಲದ ಕಾಗದದಲ್ಲಿ ನನ್ನದೊಂದೇ ಸಹಿ ಇಲ್ಲ. ಅದು ತೀರೋವರೆಗೂ ಬೆಳಿಗ್ಗೆ ಬರ್ತೀಯ, ಕೆಲಸ ಮಾಡ್ತೀಯ. ನಾನೂ ಬರ್ತೀನಿ. ಇನ್ಮೇಲೆ ಗಿರಾಕಿ ಹತ್ರ ಮಾತು, ಬ್ಯಾಂಕು, ಎಲ್ಲ ನನ್ನದು."

"ಮತ್ತೆ ಮದುವೆ?"

ಅವಳು ಗೋಡೆಯ ಮೇಲಿನ ಅಪ್ಪನ ಗೆರೆಗಳ ಮೇಲೆ ಬೆರಳಾಡಿಸಿದಳು.

"ಕೆಲಸದಲ್ಲಾದ್ರೆ ನಿನ್ನನ್ನ ದಿನಾ ಲೆಕ್ಕ ಕೇಳಬಹುದು. ಮನೆಯಲ್ಲಿ ಹಂಗೆ ಬದುಕೋಕಾಗಲ್ಲ ನನ್ನ ಕೈಲಿ."

"ನಿನ್ನ ಬಿಟ್ಟು ನನಗೆ ಯಾರೂ ಇಲ್ಲ ಕಣೆ."

"ನನಗೂ ನಿನ್ನಂಥೋರು ಇನ್ನೊಬ್ರಿಲ್ಲ," ಎಂದಳು ಅವಳು. "ಅದಕ್ಕೇ ಇಷ್ಟು ನೋವು."

ಮರುದಿನ ಬೆಳಿಗ್ಗೆ ಒಂದು ಶಾಲೆಯ ಗೋಡೆಗೆ ಸಾರುವೆ ಕಟ್ಟಬೇಕಿತ್ತು. ಇಬ್ಬರೂ ಸೇರಿ ಪೈಪು ಗಾಡಿಗೆ ಹೇರಿದರು. ಅಗತ್ಯದ ಮಾತು ಬಿಟ್ಟರೆ ಇನ್ನೊಂದಿಲ್ಲ. ಕ್ಯಾಬಿನ್ ಹತ್ತುವಾಗ ಅವನು ಅಭ್ಯಾಸಬಲದಿಂದ ಕೈ ಚಾಚಿದ. ಅವಳು ಅದನ್ನು ನೋಡಿಯೂ ನೋಡದಂತೆ ಚಕ್ರದ ಮೇಲೆ ಕಾಲಿಟ್ಟು ತಾನೇ ಹತ್ತಿದಳು. ಉದ್ದನೆಯ ಒಂದೇ ಸೀಟು. ಕ್ಲ್ಯಾಂಪು ತುಂಬಿದ ಬಕೆಟನ್ನು ಎತ್ತಿ ನಡುವೆ ಇಟ್ಟಳು.

ಅವನು ಗಾಡಿ ಹೊರಡಿಸಿದ. ಬೀದಿಯ ಅಂಗಡಿಗಳು ಆಗಷ್ಟೇ ಬಾಗಿಲು ತೆರೆಯುತ್ತಿದ್ದವು. ಮೊದಲ ತಿರುವಿನಲ್ಲಿ ಬಕೆಟ್ ವಾಲಿತು, ಹಿಡಿಯಲು ಇಬ್ಬರ ಕೈಯೂ ಒಟ್ಟಿಗೆ ಹೋಯಿತು. ಅವನ ಒರಟು ಬೆರಳು ಅವಳ ಬೆರಳಿನ ಮೇಲೆ ಬಿತ್ತು. ಅವನು ಮುಖ ತಿರುಗಿಸಲಿಲ್ಲ, ಉಸಿರು ಬಿಗಿಹಿಡಿದು ರಸ್ತೆಯನ್ನೇ ನೋಡುತ್ತಿದ್ದ.

"ಗಾಡಿ ನೋಡ್ಕೊಂಡು ಬಿಡು," ಎಂದಳು ಅವಳು.

ಅವನು ಕೈ ತೆಗೆದು ಸ್ಟೀರಿಂಗ್ ಹಿಡಿದ. ಅವಳು ಬಕೆಟನ್ನು ತನ್ನ ಮಡಿಲ ಕಡೆಗೆ ಎಳೆದುಕೊಂಡು, ಕಿಟಕಿಯಾಚೆ ಮುಖ ಮಾಡಿ, ಶಾಲೆ ಬರುವವರೆಗೂ ಸದ್ದಿಲ್ಲದೆ ಅತ್ತಳು.