ಅರವತ್ತು ದಿನ ಸುಮ್ಮನಿದ್ದವನು

"ಕೀ ಕೊಟ್ಟು ಹೋಗಾಣ ಅಂತ ಬಂದೆ, ಕಾರ್ಯದರ್ಶಿಗಳೇ."

ಲ್ಯಾಪ್‌ಟಾಪ್‌ನಿಂದ ಮಂಗಳಾ ತಲೆಯೆತ್ತಿದಳು.

ಎದುರಿಗೆ ನಿಂತಿದ್ದವನು ತೋಂಟದಾರ್ಯ! ಎರಡು ತಿಂಗಳ ಮೇಲೆ ಕಂಡ ಮುಖ. ಗಡ್ಡ ಬೆಳೆದಿತ್ತು, ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಬಂದನಲ್ಲ... ಕೊನೆಗೂ ಬಂದನಲ್ಲ ಎಂದು ಒಳಗೊಳಗೇ ಕುಣಿದ ಮನಸ್ಸು ಮರುಕ್ಷಣವೇ ಮುದುಡಿಕೊಂಡಿತು. ಮಂಗಳಾ ಅವ್ರೇ ಎಂದು ಬಾಯ್ತುಂಬ ಕರೆಯುತ್ತಿದ್ದವನ ಬಾಯಲ್ಲಿ ಇವತ್ತು ಕಾರ್ಯದರ್ಶಿಗಳೇ?

ಅವನು ಶಟಲ್ ಕ್ಲಬ್ಬಿನ ಕೀಯನ್ನು ಕಾಲೇಜು ಲ್ಯಾಬಿನ ಅವಳ ಮೇಜಿನ ಮೇಲಿಟ್ಟ.

"ಯಾಕೆ, ಏನಾಯ್ತು?" ಎಂದಳು.

"ಏನಿಲ್ಲ ಬುಡಿ. ಸದಸ್ಯನೇ ಅಲ್ದೋನ ಹತ್ರ ಕ್ಲಬ್ ಕೀ ಯಾಕಿರ್ಬೇಕು?"

ಅಷ್ಟೇ. ಅವಳು ಕುರ್ಚಿಯಿಂದ ಏಳುವಷ್ಟರಲ್ಲಿ ಹೊರಗೆ ಬೈಕ್ ಸ್ಟಾರ್ಟ್ ಆದ ಸದ್ದು ಕೇಳಿತು. ಮಂಗಳಾ ಕೀ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು.

ತಿಪಟೂರಿನ ಆ ಶಟಲ್ ಕ್ಲಬ್ಬು ಹಿಂದೆ ಕೊಬ್ಬರಿ ಗೋದಾಮಾಗಿತ್ತು. ಈಗಲೂ ಬಾಗಿಲು ತೆಗೆದರೆ ಕೊಬ್ಬರಿ ವಾಸನೆ. ಭಾನುವಾರ ಬೆಳಿಗ್ಗೆ ಹಂದನಕೆರೆಯಿಂದ ಬೈಕಿನಲ್ಲಿ ಬಂದು, ಎಲ್ಲರಿಗಿಂತ ಮೊದಲು ಆ ಬಾಗಿಲು ತೆಗೆಯುತ್ತಿದ್ದವನು ತೋಂಟದಾರ್ಯ. ತೆಂಗಿನ ತೋಟದ ಹುಡುಗ. ಮಿಕ್ಸೆಡ್ ಡಬಲ್ಸ್‌ನಲ್ಲಿ ಮಂಗಳಾಳ ಜೊತೆಗಾರ. ಅವಳು ನೆಟ್ ಹತ್ತಿರ, ಅವನು ಹಿಂದೆ. ಎರಡು ವರ್ಷ ಹಾಗೆ ಆಡಿ ಆಡಿ, ಹಿಂದೆ ಅವನಿದ್ದಾನೆ ಎಂಬ ಧೈರ್ಯ ಅವಳಿಗೆ ಆಟದ ಹೊರಗೂ ಅಭ್ಯಾಸವಾಗಿಬಿಟ್ಟಿತ್ತು.

ಕೊನೆಯ ಸಲ ಬಂದಾಗ, ಶೂ ಲೇಸು ಕಟ್ಟುತ್ತಾ, ಮುಖ ನೋಡದೆ ಹೇಳಿದ್ದ. ನಿಮ್ಮನ್ನ ಒಂದು ಮಾತು ಕೇಳ್ಬೇಕು, ಮುಂದಿನ ವಾರ ಕೇಳ್ತೀನಿ ಅಂತ.

ಆ ಮುಂದಿನ ವಾರ ಬರಲೇ ಇಲ್ಲ.

ಅವಳು ಮೆಸೇಜ್ ಹಾಕಿದಳು. ಮನೇಲಿ ಸ್ವಲ್ಪ ಕೆಲಸ ಎಂದು ಉತ್ತರ. ಇನ್ನೊಂದು ಹಾಕಿದಳು. ಚೆನ್ನಾಗಿದೀನಿ ಎಂದು ಉತ್ತರ. ಮೂರನೆಯದನ್ನು ಹಾಕಲು ಸ್ವಾಭಿಮಾನ ಬಿಡಲಿಲ್ಲ. ಕೇಳಬೇಕೆಂದಿದ್ದವನು ಮನಸ್ಸು ಬದಲಾಯಿಸಿದ್ದಾನೆ, ಮೇಲೆ ಬಿದ್ದು ವಿಚಾರಿಸುವುದು ಎಂಥ ನಾಚಿಕೆಗೇಡು ಎಂದುಕೊಂಡು ತೆಪ್ಪಗಾದಳು. ರಾತ್ರಿ ದಿಂಬು ಒದ್ದೆಯಾಗುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಆದರೆ ಇವತ್ತು ಸಿಟ್ಟು ಮಾಡಿಕೊಂಡು ಹೋದವನು ಅವನು. ಯಾಕೆ?

ಉತ್ತರ ಸಿಕ್ಕಿದ್ದು ಫರ್ಹಾಳ ಅಪ್ಪನ ಟೈಲರ್ ಅಂಗಡಿಯಲ್ಲಿ. ಕ್ಲಬ್ಬಿನ ಜೆರ್ಸಿ ಹೊಲಿಯುವವಳೂ, ಮಂಗಳಾಳ ಗುಟ್ಟು ಬಲ್ಲ ಒಬ್ಬಳೇ ಗೆಳತಿಯೂ ಫರ್ಹಾ.

"ನಾನೇ ನಿಂಗೆ ಫೋನ್ ಮಾಡೋಳಿದ್ದೆ ಕಣೇ," ಎನ್ನುತ್ತಾ ಅವಳು ಮೆಷಿನ್ ನಿಲ್ಲಿಸಿದಳು. "ತೋಂಟದಾರ್ಯ ತನ್ನ ಹೆಸರಿನ ಜೆರ್ಸಿ ಹೊಲೀಬೇಡಿ ಅಂದ್ರು. ಯಾಕೆ ಅಂದಿದ್ದಕ್ಕೆ ಇದನ್ನ ಕಳಿಸವ್ರೆ. ಇಷ್ಟು ಕಲ್ಲು ಮನಸ್ಸು ನಿಂದು ಅಂತ ಗೊತ್ತಿರ್ಲಿಲ್ಲ."

ಮಂಗಳಾ ಫೋನು ಇಸಿದುಕೊಂಡು ಓದಿದಳು.

‘ಪ್ರಿಯ ಸದಸ್ಯರೇ, ನೀವು ಅರವತ್ತು ದಿನಗಳಿಂದ ನಿಷ್ಕ್ರಿಯರಾಗಿದ್ದೀರಿ. ನಮಗೆ ನಿಮ್ಮ ಅಗತ್ಯವಿಲ್ಲದ ಕಾರಣ ನಿಮ್ಮನ್ನು ತೆಗೆದುಹಾಕಲಾಗಿದೆ. ಇಂತಿ, ಮಂಗಳಾ, ಕಾರ್ಯದರ್ಶಿ.’

"ಇದು ನಾನು ಬರೆದಿದ್ದಲ್ಲ," ಎಂದಳು. ಹೇಳುತ್ತಿರುವಾಗಲೇ ಗೊತ್ತಾಯಿತು. ಬರೆದದ್ದು ಅವಳಲ್ಲ, ನಿಜ. ಆದರೆ ಅದನ್ನು ಬರೆದ ಪ್ರೋಗ್ರಾಮನ್ನು ತಂದು ಕೂರಿಸಿದವಳು ಅವಳೇ!

ಎಂ.ಸಿ.ಎ. ಓದಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಬುದ್ಧಿವಂತೆ ನಮ್ಮ ಮಂಗಳಾ. ಅಧ್ಯಕ್ಷ ವೀರಭದ್ರಯ್ಯನವರು ಕ್ಲಬ್ಬಿಗೊಂದು ವೆಬ್‌ಸೈಟ್ ಆಗಲಿ ಎಂದಾಗ ಮಾಡಿಕೊಟ್ಟವಳು. ಅದಕ್ಕೆ ಹೊಸ ಹೊಸ ಕೆಲಸ ಕಲಿಸುವ ಪ್ಲಗಿನ್‌ಗಳನ್ನು ಹುಡುಕಿ ಹುಡುಕಿ ಹಾಕಿದವಳು. ಕೋರ್ಟ್ ಬುಕ್ ಮಾಡುವುದಕ್ಕೆ ಮೂರನ್ನು ಹಾಕಿ ನೋಡಿದ್ದಳು. ಒಂದಕ್ಕೆ ಬಳಸಿದವರು ಮೆಚ್ಚಿ ಕೊಟ್ಟ ನಕ್ಷತ್ರಗಳೇನೋ ಬೇಕಾದಷ್ಟು, ಆದರೆ ನಾಲ್ಕು ವರ್ಷದಿಂದ ಅದನ್ನು ತಿದ್ದಿದವರಿಲ್ಲ. ಇನ್ನೊಂದು ಹಾಕಿದ ಕೂಡಲೇ ಇಡೀ ಸೈಟು ಬೆಳ್ಳಗೆ ಖಾಲಿಯಾಗಿ ಕೂತಿತು. ಮೂರನೆಯದು ಸರಿಹೋಯಿತು.

ಇಷ್ಟೆಲ್ಲ ಪಾಡು ಯಾರಿಗಾಗಿ? ಊರವರಿಗಂತೂ ಅಲ್ಲ. ಹಂದನಕೆರೆಯಿಂದ ಅಷ್ಟು ದೂರ ಬರುವವನಿಗೆ ಕೋರ್ಟ್ ಖಾಲಿ ಇಲ್ಲ ಎಂದು ಕಾಯಿಸಬಾರದಲ್ಲ, ಅದಕ್ಕೆ.

ಅವನು ಬರುವುದು ನಿಂತ ಮೇಲೆ ಹಾಕಿದ್ದು ಸದಸ್ಯರ ಪಟ್ಟಿಯ ಪ್ಲಗಿನ್. ಬುಕ್ ಮಾಡಿ ಬಾರದವರ ಬಗ್ಗೆ ವೀರಭದ್ರಯ್ಯನವರ ಗೊಣಗಾಟ ಹೆಚ್ಚಾಗಿತ್ತು. ಆ ಪ್ಲಗಿನ್ನಿನಲ್ಲಿ ಒಂದು ಚೌಕವಿತ್ತು. ನಿಷ್ಕ್ರಿಯ ಸದಸ್ಯರನ್ನು ತಾನಾಗಿಯೇ ತೆಗೆಯಲೇ? ಟಿಕ್ ಮಾಡಿದಳು. ಎಷ್ಟು ದಿನ? ಬೆರಳು ಸ್ವಲ್ಪ ತಡೆದು, ಅರವತ್ತು ಎಂದು ಹಾಕಿತ್ತು. ಕೆಳಗಿದ್ದ ರೆಡಿಮೇಡ್ ಪತ್ರವನ್ನು ಓದುವ ಗೋಜಿಗೆ ಅವಳು ಹೋಗಲೇ ಇಲ್ಲ. ಮೆಷಿನ್ನಿನ ಆ ಕನ್ನಡದ ಕೆಳಗೆ ತನ್ನ ಹೆಸರು ಕೂತಿರುತ್ತದೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ಗುರುವಾರ ಬಂದೈತೆ ಇದು," ಎಂದಳು ಫರ್ಹಾ ಮೆಲ್ಲಗೆ. "ಅವರಮ್ಮ ಅಟ್ಟದ ಏಣಿಯಿಂದ ಬಿದ್ದು ಸೊಂಟ ಮುರ್ಕೊಂಡವ್ರಂತೆ. ಎರಡು ತಿಂಗಳಿಂದ ಎತ್ತಿ ಇಳಿಸೋದು, ಸ್ನಾನ ಮಾಡ್ಸೋದು ಎಲ್ಲಾ ಇವ್ರೇ ಅಂತೆ. ನಿಂಗೆ ಹೇಳಿರ್ಲಿಲ್ವಾ?"

ಮಂಗಳಾ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಮನೆಗೆ ಓಡಿ ಲ್ಯಾಪ್‌ಟಾಪ್ ತೆರೆದಳು. ಅವನ ಹೆಸರು ಪಟ್ಟಿಯಲ್ಲಿರಲಿಲ್ಲ. ಅವನು ಹಾಕಿದ್ದ ಫೋಟೋಗಳಿರಲಿಲ್ಲ. ಪಂದ್ಯದಲ್ಲಿ ಗೆದ್ದ ಕಪ್ಪು ಹಿಡಿದು ಇಬ್ಬರೂ ನಗುತ್ತಿದ್ದ ಆ ಒಂದು ಫೋಟೋ ಕೂಡ... ಪ್ಲಗಿನ್ ಎಲ್ಲವನ್ನೂ ಗುಡಿಸಿ ಹಾಕಿತ್ತು. ವಾಪಸ್ ತರುವ ದಾರಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಪ್ಲಗಿನ್ ಕಿತ್ತು ಹಾಕಿದಳು. ಅದೇನೋ ಒಂದು ನಿಮಿಷದ ಕೆಲಸ. ಆದರೆ ಅಮ್ಮನ ಮಂಚದ ಪಕ್ಕ ಕೂತು ಆ ಪತ್ರ ಓದಿದವನ ಮನಸ್ಸಿನಿಂದ ಅದನ್ನು ಕಿತ್ತುಹಾಕುವುದು ಹೇಗೆ? ಫೋನ್ ಮಾಡಿದಳು. ಎತ್ತಲಿಲ್ಲ. ಇನ್ನೂ ಸ್ವಾಭಿಮಾನ ಹಿಡಿದು ಕೂತರೆ ಅವನು ಪೂರ್ತಿ ಕೈತಪ್ಪಿ ಹೋಗುತ್ತಾನೆ ಎಂದು ಹೆದರಿಕೆಯಾಯಿತು.

ಮಾರನೆಯ ಬೆಳಿಗ್ಗೆ ಲ್ಯಾಬಿಗೆ ರಜೆ ಹೇಳಿ ಹಂದನಕೆರೆಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಲೇ ಇದ್ದಳು. ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ನಡುಮನೆಯ ಮಂಚದ ಮೇಲೆ ತೋಂಟದಾರ್ಯನ ಅಮ್ಮ ಹೊಂಬಾಳಮ್ಮ ದಿಂಬಿಗೆ ಒರಗಿದ್ದರು. ಯಾರು ಏನು ಎಂದು ಕೇಳುವ ಮೊದಲೇ ಕೂತ್ಕೋ ತಾಯಿ ಎಂದರು. ಹೆಸರು ಹೇಳಿದ ಕೂಡಲೇ ಅವರ ಮುಖ ಬದಲಾಯಿತು. ಓ, ನೀನೇನಾ ಎಂದು ಅವಳನ್ನು ಒಂದು ಸಲ ಪೂರ್ತಿ ನೋಡಿ, ಮೇಲಕ್ಕೆ ಬೆರಳು ತೋರಿಸಿದರು.

ಏಣಿ ಹತ್ತಿದಳು. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿಗಳು. ಮಧ್ಯೆ ಕೂತು ಕೆಟ್ಟ ಕಾಯಿ ಆರಿಸುತ್ತಿದ್ದ ತೋಂಟದಾರ್ಯ ತಲೆಯೆತ್ತಿದ. ಅವನ ಕಣ್ಣಲ್ಲಿ ಒಂದು ಬೆಳಕು ಬಂದು, ತಕ್ಷಣ ಆರಿತು.

"ಆ ಪತ್ರ ನಾನು ಬರೆದಿದ್ದಲ್ಲ," ಎಂದಳು ಮಂಗಳಾ. ಎಲ್ಲವನ್ನೂ ಹೇಳಿದಳು. ಪ್ಲಗಿನ್, ಟಿಕ್ ಮಾಡಿದ ಚೌಕ, ಓದದೆ ಬಿಟ್ಟ ಪತ್ರ. ತಪ್ಪನ್ನು ಮೆಷಿನ್ನಿನ ಮೇಲೆ ಹಾಕಲಿಲ್ಲ.

ಅವನು ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟ.

"ಅರವತ್ತು ಅಂತ ಹಾಕಿದ್ದು ಯಾರು?"

"ನಾನೇ."

"ಯಾಕೆ?"

"ನಿಮ್ಮನ್ನೇ ನೆನೆಸ್ಕೊಂಡು ಹಾಕ್ದೆ. ಮೂವತ್ತು ಅಂತ ಇತ್ತು. ಮನಸ್ಸು ಬದಲಾಗಿದ್ರೂ ಅರವತ್ತು ದಿನ ನನ್ನನ್ನ ನೋಡ್ದೆ ಇರಲ್ಲ ಅನ್ಕೊಂಡೆ. ಅಷ್ಟರೊಳಗೆ ಬಂದೇ ಬರ್ತೀರಿ ಅನ್ಕೊಂಡೆ..."

ಮುಂದೆ ಅಳು ಬಂದುಬಿಟ್ಟಿತು. ತೋಂಟದಾರ್ಯ ಎದ್ದು ಬಂದ. ಏನು ಮಾಡುವುದೆಂದು ತಿಳಿಯದೆ ಕೈಗೆ ಸಿಕ್ಕ ಕಾಯೊಂದನ್ನು ತೆಗೆದು ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಕೊಬ್ಬರಿ ಗುಡುಗುಡು ಎಂದು ಉರುಳಿತು.

"ಹತ್ತು ತಿಂಗಳಿಂದ ಇಲ್ಲೇ ಸುಮ್ನೆ ಬಿದ್ದೈತೆ ಇದು. ಸುಮ್ನೈತೆ ಅಂತ ಯಾರಾದ್ರೂ ಬಿಸಾಕ್ತಾರೇನ್ರೀ?"

ಸಂಪಿಗೆ ಎಂಬ ಊರಿನ ಅಜ್ಜಿಮನೆಯಲ್ಲಿ ಬೆಳೆದವಳು ಮಂಗಳಾ. ಅಟ್ಟದ ಮೇಲೆ ಮಲಗಿದ ಕಾಯಿ ಒಳಗೊಳಗೇ ಕೊಬ್ಬರಿಯಾಗುವುದು ಅವಳಿಗೆ ಗೊತ್ತಿಲ್ಲದ್ದೇ? ಎರಡು ತಿಂಗಳ ಮೌನಕ್ಕೆ ಹೆದರಿ ತಾನು ಅದನ್ನೇ ಮರೆತಿದ್ದೆ ಎನ್ನಿಸಿ ತಲೆ ತಗ್ಗಿಸಿದಳು.

"ಅಮ್ಮನ ವಿಷಯ ಯಾಕೆ ಹೇಳ್ಲಿಲ್ಲ?" ಎಂದಳು.

"ಡಾಕ್ಟ್ರು ಇನ್ಮುಂದೆ ಅವ್ವನ ಜೊತೆ ಒಬ್ರು ಇರ್ಲೇಬೇಕು ಅಂದ್ರು. ಕೇಳ್ಬೇಕು ಅನ್ಕೊಂಡಿದ್ದನ್ನ ಹೆಂಗ್ ಕೇಳ್ಲಿ? ಅವ್ವನ್ನ ನೋಡ್ಕಳಾಕೆ ಹುಡುಗಿ ಹುಡುಕ್ತಾವ್ನೆ ಅನ್ಕೊಂಡುಬುಟ್ರೆ ಅಂತ ಹೆದ್ರುಕಂಡೆ. ಆಮೇಲೆ ಆ ಪತ್ರ ಬಂತು. ಅಗತ್ಯವಿಲ್ಲ ಅಂತ..."

ಅವಳು ಬ್ಯಾಗಿನಿಂದ ಕೀ ತೆಗೆದು ಅವನ ಅಂಗೈಯಲ್ಲಿಟ್ಟು, ಅಂಗೈಯನ್ನು ತನ್ನ ಕೈಯಿಂದಲೇ ಮುಚ್ಚಿದಳು.

"ಈಗ ಕೇಳಿ."

"ನನ್ನ ಮದ್ವೆ ಆಗ್ತೀರಾ, ಮಂಗಳಾ ಅವ್ರೇ?"

ಹೆಸರು ಕೇಳಿ ಅವಳ ಕಣ್ಣು ಮತ್ತೆ ತುಂಬಿತು. ಅವನೇ ಗಾಬರಿಯಾಗಿ, "ಈಗ್ಲೇ ಹೇಳ್ಬೇಡಿ, ಯೋಚ್ನೆ ಮಾಡಿ. ಅರವತ್ತು ದಿನ ಟೈಮ್ ತಗಳಿ," ಎಂದ.

ಮಂಗಳಾ ಏಣಿಯ ಹತ್ತಿರ ಹೋದಳು. ಅಮ್ಮ ಬಿದ್ದ ಏಣಿಯದು. ಅವನು ಮೇಲಿನಿಂದ ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದ.

ಒಂದೊಂದೇ ಮೆಟ್ಟಿಲು ಇಳಿದಳು. ಇನ್ನೊಂದು ಮೆಟ್ಟಿಲಿದೆ ಎನ್ನುವಾಗ ನಿಂತು ತಲೆಯೆತ್ತಿ ಅವನನ್ನು ನೋಡಿದಳು.

"ಯೋಚ್ನೆ ಮಾಡಿದ್ದಾಯ್ತು," ಎಂದಳು. "ಭಾನುವಾರ ನೀವು ಆಡೋಕೆ ಹೋಗಿ. ಅತ್ತೆ ಹತ್ರ ನಾನಿರ್ತೀನಿ."

"ನೀವಿಲ್ದೆ ನಂಗ್ಯಾರ ಜೊತೆ ಆಟ?"

ಮಂಚದ ಮೇಲಿಂದ ಹೊಂಬಾಳಮ್ಮ ಹೇಳಿದರು: "ಇಬ್ರೂ ಹೋಗ್ರಪ್ಪ. ಒಂದೊತ್ತು ನಾನು ಸುಮ್ನೆ ಮಲಗಿರ್ತೀನಿ."