ಕೆಂಪು ಸೆರಗಿನ ಸೀರೆ, ಸ್ಟೀಲಿನ ಕೊಡ

"ಆ ಸೀರಿ ನಿಂದಲ್ಲ?"

ಬೆಟಗೇರಿಯ ನೇಕಾರ ಓಣಿಯಲ್ಲಿ ಕುಬೇರಪ್ಪ ಅಡ್ಡ ನಿಂತು ಕೇಳಿದಾಗ, ಬನಶಂಕರಿಯ ಕಾಲುಗಳು ಅಲ್ಲೇ ನಿಂತವು.

ಹಳೆ ಸೀರೆ ಪಡೆದು ಸ್ಟೀಲ್ ಪಾತ್ರೆ ಕೊಡುವ ಸುಗ್ರಾಬಿ ಬೇವಿನ ಕಟ್ಟೆಯ ಮೇಲೆ ಬುಟ್ಟಿ ಇಳಿಸಿದ್ದಳು. ಅವಳ ಬಟ್ಟೆಗಂಟಿನಿಂದ ಇಣುಕುತ್ತಿತ್ತು... ಕೆಂಪು ಸೆರಗು!

ಅಯ್ಯೋ! ಅದು ನನ್ನ ಪೆಟ್ಟಿಗೆಯಲ್ಲಿತ್ತಲ್ಲ...

ಆ ಸೀರೆಯ ನೂಲನ್ನು ರಾಟೆಯಲ್ಲಿ ಲಾಳಿಯೊಳಗಿನ ಕಂಡಿಕೆಗೆ ಸುತ್ತಿದವಳು ಅವಳೇ. ನೇಯ್ದವನು ಕುಬೇರಪ್ಪ. ಎರಡೂ ಮನೆಯವರು ಮದುವೆಯ ಮಾತಾಡಿದ ಮೇಲೆ, ಪಂಚಮಿಗೆ ಅವಳ ಅವ್ವನ ಎದುರಿಗೇ ಕೊಟ್ಟಿದ್ದ.

"ಒಂದು ಸ್ಟೀಲ್ ಕೊಡದ ಸಲುವಾಗಿ ಕೊಟ್ಟುಬಿಟ್ಟೆಲ್ಲ, ಬನೀ! ನಾಳೆ ಲಕ್ಷ್ಮೇಶ್ವರದವರು ನಿನ್ನ ನೋಡಾಕ ಬರ್ತಾರಂತ. ಖಬರ ಬಂದೈತಿ ನನಗೂ. ಚಲೋ ಆತು!"

ಅವ್ವನ ಕೆಲಸವಿದು ಎಂದು ಬನಶಂಕರಿಗೆ ಗೊತ್ತಾಯಿತು. ಆದರೆ ಓಣಿಯ ಜನರ ಮುಂದೆ ಹೆತ್ತವಳ ಹೆಸರು ಹೇಳುವುದು ಹೇಗೆ? ಅವಳು ಸೆರಗು ಬಿಗಿದು ಮನೆಯ ಕಡೆ ತಿರುಗಿದಳು. ಅವನು ಅದನ್ನೇ ಉತ್ತರವೆಂದು ತಿಳಿದು ಹೊರಟುಹೋದ.

ಮನೆಯಲ್ಲಿ ಅವ್ವ ಮಲ್ಲವ್ವ ಸ್ಟೂಲು ಹತ್ತಿ ಗೋಡೆಯ ಹಲಗೆಯ ಮೇಲಿನ ಹೊಸ ಕೊಡ ಒರೆಸುತ್ತಿದ್ದಳು. ಎಪ್ಪತ್ತೆಂಟನೆಯ ಇಸವಿ ಅದು. ಯಾರ ಮನೆಯ ಹಲಗೆ ಸ್ಟೀಲಿನಿಂದ ಹೊಳೆಯುತ್ತಿತ್ತೋ ಓಣಿಗೆ ಅವರೇ ದೊಡ್ಡವರು.

"ನನ್ನ ಸೀರಿ ಯಾಕ ಕೊಟ್ಟಿ ಅವ್ವಾ?"

"ಬಾಜೂ ಸುಮಿತ್ರವ್ವನ ಮನ್ಯಾಗ ಎರಡು ಕೊಡ ಅದಾವ. ಗಂಡಸಿಲ್ಲದ ಮನಿ ಅಂತ ಬಂದವರು ಹಗರ ನೋಡಬಾರದವ್ವ. ಲಕ್ಷ್ಮೇಶ್ವರದವರದು ಭಾಂಡೆ-ಪಾತ್ರೆ ಅಂಗಡಿ ಐತಿ, ರಾಣಿ ಹಂಗ ಇರ್ತಿ. ಇವಂದೇನೈತಿ? ಹೆಸರಷ್ಟ ಕುಬೇರ!"

"ಇದರಾಗ ನೀರು ತುಂಬೂಣೇನು?"

"ಹುಚ್ಚೀ! ನೀರಿನ ಕಲಿ ಬೀಳ್ತಾವ!"

ಹಲಗೆ ತುಂಬ ಸ್ಟೀಲಿದ್ದರೂ ತಾಯಿ ಮಗಳು ಉಣ್ಣುತ್ತಿದ್ದುದು ತಗ್ಗುಬಿದ್ದ ಜರ್ಮನ್ ಅಲ್ಯುಮಿನಿಯಂ ತಾಟಿನಲ್ಲೇ. ಮೊದಲೆಲ್ಲ ಸುಮಿತ್ರವ್ವನೊಂದಿಗೆ ಕಟ್ಟೆಗೆ ಕೂತು ನಗುತ್ತಿದ್ದ ಅವ್ವ ಈಗ ಅವಳ ಮುಖ ಕಂಡರೆ ಬಾಗಿಲು ಹಾಕುತ್ತಿದ್ದಳು. ನಿದ್ದೆಯಿಲ್ಲ, ದಿನವೂ ತಲೆನೋವು.

ಈ ಹಲಗೆ ಅವ್ವನನ್ನೇ ತಿನ್ನುತ್ತಿದೆಯಲ್ಲ...

ಮರುದಿನ ಬಂದ ವರನ ತಾಯಿ ಹುಡುಗಿಯ ಮುಖಕ್ಕಿಂತ ಮೊದಲು ಹಲಗೆ ನೋಡಿದಳು. ಎದ್ದು ಹೋಗಿ ಕೊಡವನ್ನು ಬೆರಳಿನಿಂದ ಟಣ್ ಎನಿಸಿದಳು.

"ತೆಳ್ಳಗೈತಿ. ಹುಡುಗಿ ಜೋಡಿ ಬರೂ ಭಾಂಡೆ ದಪ್ಪ ಇರ್ಲಿ."

ಮಲ್ಲವ್ವನ ಮುಖ ಬಾಡಿತು. ತಪ್ಪು ಮಾಡಿದ ಮಗುವಿನಂತೆ ಸೆರಗಿನ ತುದಿ ಹಿಂಡತೊಡಗಿದಳು.

ಅದನ್ನು ಮಾತ್ರ ಬನಶಂಕರಿಗೆ ತಾಳಲಾಗಲಿಲ್ಲ! ಸ್ಟೂಲು ಹತ್ತಿ ಕೊಡ ಇಳಿಸಿ ಸೊಂಟಕ್ಕೇರಿಸಿದಳು.

"ಇದು ತೆಳ್ಳಗರೆ ಇರ್ಲಿ, ದಪ್ಪರೆ ಇರ್ಲಿ, ನಮ್ಮದಲ್ರಿ! ಇದರ ಬದ್ಲಿ ನನ್ನ ಸೀರಿ ಹೋಗೈತಿ, ತರಾಕ ಹೊಂಟೀನಿ. ನೀವು ಚಹಾ ಕುಡದು ಹೋಗ್ರಿ."

"ಬನೀ! ಮರ್ಯಾದಿ ಹೋಗ್ತೈತಿ!"

"ಹಲಗಿ ಮ್ಯಾಲೆ ಇಡೂ ಮರ್ಯಾದಿ ನನಗ ಬ್ಯಾಡವ್ವಾ!"

ಬೇವಿನ ಕಟ್ಟೆಯಲ್ಲಿ ಸುಗ್ರಾಬಿ ಅವಳನ್ನು ನೋಡಿ ನಕ್ಕಳು.

"ಸೀರಿ ಎಲ್ಲೈತಿ? ನಿನ್ನೇನ ಒಯ್ದನವ್ವ ಕುಬೇರಪ್ಪ. ಬೈಕೋಂತ ಬಂದ, ಬೈಕೋಂತನ ಮನಿ ತಾಮ್ರದ ಕೊಡ ಇಟ್ಟು ಹೋದ!"

ಬನಶಂಕರಿ ಸ್ಟೀಲ್ ಕೊಡ ಕೆಳಗಿಳಿಸಿದಳು. ಅಷ್ಟು ಸಿಟ್ಟಿನಲ್ಲೂ ಅವನು ಸೀರೆ ಬಿಟ್ಟು ಹೋಗಲಿಲ್ಲವೇ!

"ಆ ತಾಮ್ರದ ಕೊಡ ಕೊಡು. ನಿನ್ನ ಸ್ಟೀಲ್ ನೀ ತಗೋ."

"ತಾಮ್ರಕ್ಕ ಸ್ಟೀಲಾ?" ಸುಗ್ರಾಬಿ ಹುಬ್ಬೇರಿಸಿದಳು. ಹುಡುಗಿಯ ಮುಖ ನೋಡಿ ಮೆತ್ತಗಾದಳು. "ಆತು ಹೋಗವ್ವ. ಲಗೂನ ಹೋಗು!"

ಕುಬೇರಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದ. ಲಾಳಿ ಓಡುತ್ತಿರಲಿಲ್ಲ. ಪಕ್ಕದಲ್ಲಿ ಕೆಂಪು ಸೀರೆ ಮಡಿಚಿಟ್ಟಿತ್ತು. ಹೊಸ್ತಿಲ ಮೇಲೆ ದೊಪ್ಪನೆ ಕೊಡ ಇಳಿದ ಸದ್ದಿಗೆ ತಲೆ ಎತ್ತಿದ.

"ನಿಮ್ಮ ಮನಿ ಕೊಡ ತಗೋ. ನನ್ನ ಸೀರಿ ಕೊಡು."

"ನೀನ..."

"ನಾ ಕೊಟ್ಟಿದ್ದಿಲ್ಲ. ಯಾರು ಕೊಟ್ರು ಅಂತ ಕೇಳಬ್ಯಾಡ. ಉಡಾಕಂತ ಪೆಟ್ಟಿಗ್ಯಾಗ ಇಟ್ಟಿದ್ದೆ ಅಂತ ಮಾತ್ರ ತಿಳಕೋ."

ಅವನ ಕಣ್ಣು ತುಂಬಿದವು. "ಓಣ್ಯಾಗ ಹಂಗೆಲ್ಲ ಅಂದ್ನೆಲ್ಲ, ಬನೀ..."

ಅಷ್ಟರಲ್ಲಿ ಏದುಸಿರು ಬಿಡುತ್ತ ಮಲ್ಲವ್ವ ಬಂದಳು.

"ಅವರು ಹೋದ್ರು. ಚಹಾದ ಸ್ಟೀಲ್ ಲೋಟ ತುಟಿ ಸುಡ್ತಂತ... ಅದೂ ನಂದಾ ತಪ್ಪಂತ!" ಎನ್ನುತ್ತ ಕುಸಿದು ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಸೀರಿ ಕೊಟ್ಟಾಕಿ ನಾನಪ್ಪ, ಇಕಿ ಅಲ್ಲ. ಒಂದೀಟು ನೀರು ಕೊಡು."

ಅವನು ತಾಮ್ರದ ಕೊಡ ತೊಳೆದು ತುಂಬಿಸಿ ತಂದು ಬಗ್ಗಿಸಿದ. ಮಲ್ಲವ್ವ ಬೊಗಸೆಯೊಡ್ಡಿ ಕುಡಿದಳು, ನೆಲಕ್ಕೆ ಬಿದ್ದ ನೀರನ್ನು ಒರೆಸಲೂ ಇಲ್ಲ. ಬಹಳ ದಿನಕ್ಕೆ ಅವಳ ಹುಬ್ಬಿನ ಗಂಟು ಸಡಿಲಾಗಿತ್ತು.

ಬನಶಂಕರಿ ಸೀರೆಯನ್ನು ಎದೆಗವಚಿಕೊಂಡು ರಾಟೆಯ ಮುಂದೆ ಕೂತಳು.

"ಕಂಡಿಕಿ ಇಲ್ದ ಮಗ್ಗ ನಿಂತೈತೇನು?"

"ನೀ ಇಲ್ದ ನಿಂತಿತ್ತು."

"ಯಾವ ಬಣ್ಣ ಸುತ್ಲಿ?"

"ಮದುವಿ ಸೀರಿಗೆ ಯಾವುದು ಬೇಕೋ ಅದು."

"ಹಂಗಾರ ಕೆಂಪಾ ಇರ್ಲಿ," ಅವಳು ಅವ್ವನತ್ತ ಓರೆನೋಟ ಬೀರಿದಳು. "ಇದಕ್ಕ ಮಾತ್ರ ಸುಗ್ರಾಬಿ ಬುಟ್ಟಿ ಪೂರಾ ಕೊಟ್ರೂ ಕೊಡಂಗಿಲ್ಲ!"