ಮುದಕಪ್ಪನ ಕೊರಳ ಕೊಬ್ಬರಿ

"ರಶೀದಾ ಮೇಡಂ, ಇದು ನಿಮ್ಮಿಂದಲೇ ಬಗೆಹರಿಯಬೇಕು" ಎಂದು ಕಿರುಚಿತ್ರ ತೆಗೆಯುವ ನೆರೆಯ ಶ್ರೀಕಾಂತ ಬಾಗಿಲಲ್ಲೇ ನಿಂತು ಹೇಳಿದಾಗ ನಾನೂ ರಶೀದಾಳೂ ಸುಲೈಮಾನಿ ಚಹಾ ಕುಡಿಯುತ್ತಿದ್ದೆವು. ಕೊಲ್ಲಿ ನಾಡಿನ ಫರ್ವಾನಿಯಾದ ನಮ್ಮ ಕಟ್ಟಡದಲ್ಲಿ ಏನು ಕಾಣೆಯಾದರೂ ಜನ ಬರುವುದು ರಶೀದಾಳ ಬಳಿಗೆ. ಜೊತೆಗೆ ಹೋಗುವುದು ನಾನು, ಪಕ್ಕದ ಮನೆಯ ಸರಸಕ್ಕ.

ಕಾಣೆಯಾದದ್ದು ಕೊಬ್ಬರಿ ಸರ. ಕೆಳಮನೆಯ ಸ್ನೇಹಾಳ ತಂದೆ ಮುದಕಪ್ಪ ಹಾವೇರಿ ಕಡೆ ಹೋರಿ ಹಿಡಿಯುವುದರಲ್ಲಿ ಹೆಸರಾದವರು. ಆಮೇಲೆ ಸಿನಿಮಾಗಳಲ್ಲಿ ನಾಯಕರ ಬದಲಿಗೆ ತಾವು ಓಡುವ ಕುದುರೆಯ ಬೆನ್ನಿಗೆ ಹಾರಿದರು. ತೆರೆಯ ಮೇಲೆ ಮುಖ ಮಾತ್ರ ನಾಯಕನದು. ಮಗಳ ಮನೆಗೆ ಬಂದವರನ್ನು ಶ್ರೀಕಾಂತ ತನ್ನ ಕಿರುಚಿತ್ರಕ್ಕೆ ಒಪ್ಪಿಸಿದ್ದ. ಇಂದು ಸಂಜೆ ಜಹ್ರಾದ ಕುದುರೆ ಲಾಯದಲ್ಲಿ ಒಂದೇ ಜಿಗಿತ, ಮೊದಲ ಸಲ ಅವರದೇ ಮುಖ. ಆದರೆ ಮೊದಲ ಹೋರಿಯಿಂದ ಗೆದ್ದ ಆ ಸರ ಕೊರಳಲ್ಲಿಲ್ಲದೆ ಅವರು ಕುದುರೆ ಮುಟ್ಟುವವರಲ್ಲ.

"ಗ್ವಾಡಿ ಮೊಳಿಗೆ ಹಾಕಿ ಅಡ್ಡಾಗಿದ್ದೆ. ಎದ್ದು ನೋಡಿದ್ರ ಇಲ್ಲ" ಎಂದರು ಮುದಕಪ್ಪ, ನಾವು ಕೆಳಗಿಳಿದು ಹೋದಾಗ.

"ಯಾರೋ ಹರಕೊಂಡಾರ, ಬಿಡ್ರಿ" ಎಂದರು ಹೆಂಡತಿ ನೀಲಕ್ಕ, ಬಗ್ಗಿ ಗಂಡನ ಚಪ್ಪಲಿಯ ಪಟ್ಟಿ ಬಿಗಿಯುತ್ತಾ. ಎಷ್ಟು ಅಕ್ಕರೆ ನೋಡು ಎಂದು ನಾನು ರಶೀದಾಳ ಕಿವಿಯಲ್ಲಿ ಹೇಳಿದೆ.

ಶ್ರೀಕಾಂತನ ಅನುಮಾನ ಜಹ್ರಾದ ಲಾಯದಲ್ಲಿ ಕುದುರೆ ಪಳಗಿಸುವ ಕರಾವಳಿ ಹುಡುಗ ಫಾರಿಸನ ಮೇಲೆ. "ಆ ಜಿಗಿತ ನನಗೆ ಕೊಡಿ ಅಂತ ದುಂಬಾಲು ಬಿದ್ದಿದ್ದ. ಮಧ್ಯಾಹ್ನ ಇಲ್ಲೇ ಊಟ ಮಾಡಿದ್ದಾನೆ."

"ಒಣಗಿದ ಕೊಬ್ಬರಿ ನನಗೆ ಎಂತಕ್ಕೆ ಮಾರಾಯ್ರೆ, ಚಟ್ನಿಗಾ?" ಎಂದ ಅಲ್ಲೇ ಬಾಗಿಲಿಗೆ ಒರಗಿದ್ದ ಫಾರಿಸ್.

ರಶೀದಾ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದಳು. "ಮುದಕಪ್ಪಣ್ಣ, ಕೊಬ್ಬರಿ ಹರಿಯುವುದು ಅಂದ್ರೆ ಎಂತ?"

"ಓಡೋ ಹೋರಿ ಕೊರಳಾಗಿಂದ ಕಿತ್ಕೊಳ್ಳೂದು. ಹರದಮ್ಯಾಲ ಆ ಹೋರಿ ಆಟ ಖಲಾಸ್. ಸೀದಾ ಮನಿಗೆ."

"ಮೊಳೆಯಿಂದ ತೆಗೆದರೆ?"

"ಅದಕ್ಯಾಕ ಹರಿಯೂದು ಅಂತಾರ?"

"ಅದೇ ನೋಡಿ. ನೀವು ಅಭ್ಯಾಸಕ್ಕೆ ಹಾಗಂದಿರಿ; ಇವತ್ತು ಮೊಳೆಗೆ ಹಾಕಲೇ ಇಲ್ಲ, ಕೊರಳಲ್ಲಿಟ್ಟುಕೊಂಡೇ ನಿದ್ದೆ ಹೋಗಿದ್ದೀರಿ. ನಾವೆಲ್ಲ ಕಾಣೆಯಾಯ್ತು ಅಂದೆವು, ನೀಲಕ್ಕ ಒಬ್ಬರೇ ಹರಕೊಂಡರು ಅಂದದ್ದು. ಕೊರಳಿಂದ ಹೋದದ್ದು ಕಿತ್ತವರಿಗೆ ಮಾತ್ರ ಗೊತ್ತು. ಫಾರಿಸ್ ಕೈ ಹಾಕಿದ್ರೆ ನೀವು ಏಳ್ತಿದ್ದಿರಿ. ನೀಲಕ್ಕನ ಕೈ ನಿಮ್ಮನ್ನು ಎಬ್ಬಿಸುವುದಿಲ್ಲ. ಯಾಕೆ ಕಿತ್ತರು ಅಂತ ನಮ್ಮ ಸರಸಕ್ಕ ತೋರಿಸಿದರು, ಅವರಿಗೇ ಗೊತ್ತಿಲ್ಲದೆ, ನೀಲಕ್ಕನ ಅಕ್ಕರೆ ಹೊಗಳಿ. ಚಪ್ಪಲಿಗೆ ಬಗ್ಗಲಿಕ್ಕಾಗದವರು ಕುದುರೆಗೆ ಹಾರುವುದು ಹೇಗೆ?"

ನೀಲಕ್ಕ ಸೆರಗಿನೊಳಗಿಂದ ಸರ ತೆಗೆದರು. "ನಿಮ್ಮ ಟೊಂಕದ ನೋವು ನನಗ ತಿಳಿಯೂದಿಲ್ಲಂತ ಅನ್ಕೊಂಡೀರೇನು? ನನ್ನ ಹೋರೀನ ನಾ ಹಿಡದೇನಿ."

ಮುದಕಪ್ಪ ಶ್ರೀಕಾಂತನ ಕಡೆ ತಿರುಗಿದರು. "ಈ ಸಲಾನೂ ಮುಖ ಹೋತಲ್ಲೋ ಶ್ರೀಕಾಂತಾ."

"ಎಲ್ಲಿಗೆ ಹೋಗ್ತದೆ?" ಎಂದಳು ರಶೀದಾ. "ಎಷ್ಟೋ ಜನರಿಗಾಗಿ ಹಾರಿದ್ದೀರಿ. ಒಂದು ಸಲ ನಿಮಗಾಗಿ ಫಾರಿಸ್ ಹಾರಲಿ."

ಸಂಜೆ ಫಾರಿಸ್ ಮುದಕಪ್ಪನ ಅಂಗಿ ತೊಟ್ಟು, ತಲೆಗೆ ಅವರ ಪಟಗ ಸುತ್ತಿ ಹಾರಿದ. ಧೂಳು ಇಳಿದ ಮೇಲೆ ಕ್ಯಾಮೆರಾ ಮುದಕಪ್ಪನ ಕಡೆ ತಿರುಗಿತು.

"ತಡೀರಿ ಸ್ವಲ್ಪ" ಎಂದು ನೀಲಕ್ಕ ನಡುವೆ ಬಂದು ಸರವನ್ನು ಅವರ ಕೊರಳಿಗೆ ಹಾಕಿ, ಸೆರಗಿನಿಂದ ಆ ಮುಖದ ಧೂಳು ಒರೆಸಿದರು. ಶ್ರೀಕಾಂತ ಕ್ಯಾಮೆರಾ ನಿಲ್ಲಿಸಲಿಲ್ಲ.